ಮಾಸ್ಟ್ರಿಗೆ ಹೇಳಬೇಕಿದ್ದ ಉತ್ತರ
(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನಾವು ಒಂಬತ್ತನೇ ತರಗತಿಯಲ್ಲಿದ್ದಾಗ ವಿಜ್ಞಾನ ಮಾಸ್ಟ್ರು ನಮ್ಮನ್ನು ಕೊಣಾಜೆಗೆ, ಮಂಗಳೂರು ವಿಶ್ವವಿದ್ಯಾನಿಲಯದ ಮೈಕ್ರೋಟ್ರಾನ್ ಕೇಂದ್ರಕ್ಕೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಎಲೆಕ್ಟ್ರಾನುಗಳನ್ನು ಅಯಸ್ಕಾಂತದ ನಡುವೆ ಸುತ್ತಿಸಿ, ಪ್ರತಿ ಸುತ್ತಿಗೂ ಒಂದು ನೂಕು ಕೊಟ್ಟು, 8 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಶಕ್ತಿಗೆ ಏರಿಸುತ್ತಾರೆ. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಕೇಳಿದೆ: “ಸಜಾತೀಯ ಆವೇಶಗಳು ವಿಕರ್ಷಿಸುತ್ತವೆ ಅಂತ ನೀವೇ ಕಲಿಸಿದ್ದೀರಿ. ಹಾಗಾದರೆ ಇಷ್ಟೊಂದು ಎಲೆಕ್ಟ್ರಾನು ಚದುರದೆ ಒಟ್ಟಿಗೆ ಹೋಗುವುದು ಹೇಗೆ ಸರ್?” ಮಾಸ್ಟ್ರು ಸ್ವಲ್ಪ ಹೊತ್ತು ಯೋಚಿಸಿ, “ನನಗೆ ಗೊತ್ತಿಲ್ಲ ಮಾರಾಯ. ನೀನು ತಿಳಿದುಕೊಂಡು ನನಗೆ ಹೇಳು” ಎಂದರು.

ನಾನು ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದೆ. ಪ್ರಶ್ನೆ ಮರೆತೇ ಹೋಯಿತು. 2023ರಲ್ಲಿ ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರದ ‘ಲೆಹಿಪಾ’ ಎಂಬ ರೇಖೀಯ ವೇಗವರ್ಧಕವು ಪ್ರೋಟಾನುಗಳನ್ನು 20 ಮಿಲಿಯನ್ ಎಲೆಕ್ಟ್ರಾನ್ ವೋಲ್ಟಿಗೆ ಏರಿಸಿತು. ಅದರ ಬಗ್ಗೆ ಓದುತ್ತಿದ್ದಾಗ ಆ ಬಸ್ಸು ನೆನಪಾಯಿತು.

ಎಲೆಕ್ಟ್ರಾನು ಹಗುರ. ಬೇಗನೆ ಬೆಳಕಿನ ವೇಗದ ಹತ್ತಿರ ಹೋಗುತ್ತದೆ. ಆ ವೇಗದಲ್ಲಿ ಧಾರೆಯದ್ದೇ ಕಾಂತಕ್ಷೇತ್ರ ವಿಕರ್ಷಣೆಯನ್ನು ಬಹುಮಟ್ಟಿಗೆ ಅಳಿಸುತ್ತದೆ. ಪ್ರೋಟಾನು ಅದಕ್ಕಿಂತ ಸುಮಾರು 1836 ಪಟ್ಟು ಭಾರ. ಹೊರಡುವಾಗ ನಿಧಾನ, ಚದುರಲು ಬೇಕಾದಷ್ಟು ಸಮಯ. ಆದ್ದರಿಂದ ಸುರುಳಿ ಅಯಸ್ಕಾಂತಗಳು ಮಸೂರದ ಹಾಗೆ ಧಾರೆಯನ್ನು ಒಟ್ಟುಗೂಡಿಸುತ್ತವೆ. ಇನ್ನೊಂದು ಸಹಾಯ ತಾನಾಗಿಯೇ ಬರುತ್ತದೆ. ಪಂಪು ಎಷ್ಟು ಎಳೆದರೂ ಕೊಳವೆಯಲ್ಲಿ ಚೂರು ಅನಿಲ ಉಳಿದಿರುತ್ತದೆ. ಪ್ರೋಟಾನು ಬಡಿದಾಗ ಅದರಿಂದ ಎಲೆಕ್ಟ್ರಾನು ಕಳಚಿ ಧಾರೆಯೊಳಗೇ ನಿಲ್ಲುತ್ತದೆ. ಧನದ ನಡುವೆ ಋಣ ಸೇರಿ ಜಗಳ ತಣ್ಣಗಾಗುತ್ತದೆ. ಇದಕ್ಕೆ ಸಾಮಾನ್ಯವಾಗಿ ಹತ್ತಾರು ಮೈಕ್ರೋಸೆಕೆಂಡು ಬೇಕು. ಅಷ್ಟರವರೆಗೆ ಧಾರೆಯ ಮುಂಭಾಗ ಹರಡಿಯೇ ಹೋಗುತ್ತದೆ.

ಆದರೆ ವೇಗವರ್ಧಕದ ಬಾಗಿಲಲ್ಲಿ ಬಲವಾದ ವಿದ್ಯುತ್ ಕ್ಷೇತ್ರ ಈ ಎಲೆಕ್ಟ್ರಾನುಗಳನ್ನು ಗುಡಿಸಿಹಾಕುತ್ತದೆ. ಸಹಾಯ ಅಲ್ಲಿಗೆ ಮುಗಿಯಿತು. ಮುಂದೆ ನಾಲ್ಕು ತಾಮ್ರದ ಅಲಗುಗಳ ನಡುವಿನ ಕ್ಷೇತ್ರ ಒಮ್ಮೆ ಮೇಲೆ-ಕೆಳಗೆ, ಒಮ್ಮೆ ಎಡ-ಬಲ ಒತ್ತುತ್ತಾ ಧಾರೆಯನ್ನು ಹಿಡಿದು ನಡೆಸುತ್ತದೆ.

ಇಷ್ಟು ಕಷ್ಟ ಯಾಕೆ? ಪಕ್ಕದ ಕೇರಳದ ಕಡಲ ಮರಳಿನಲ್ಲಿ ಥೋರಿಯಂ ಇದೆ. ಅದನ್ನು ಇಂಧನವಾಗಿಸಲು ನ್ಯೂಟ್ರಾನು ಬೇಕು. ಇನ್ನೂ ಬಹಳ ಹೆಚ್ಚು ಶಕ್ತಿಯ ಪ್ರೋಟಾನು ಧಾರೆ ಸೀಸಕ್ಕೆ ಬಡಿದರೆ ನ್ಯೂಟ್ರಾನು ಸಿಗುತ್ತದೆ. ಲೆಹಿಪಾ ಆ ದಾರಿಯ ಮೊದಲ ಮೆಟ್ಟಿಲು.

ಈ ಉತ್ತರ ಹಿಡಿದುಕೊಂಡು ನಾನು ಬರುವಷ್ಟರಲ್ಲಿ ಮಾಸ್ಟ್ರು ತೀರಿಕೊಂಡಿದ್ದರು. ಆದ್ದರಿಂದ ಅವರು ಪಾಠ ಮಾಡಿದ ಈ ಶಾಲೆಯಲ್ಲೇ ಅದನ್ನು ಒಪ್ಪಿಸುತ್ತಿದ್ದೇನೆ. ಇಷ್ಟು ಮಕ್ಕಳ ಎದುರು “ಗೊತ್ತಿಲ್ಲ” ಎನ್ನಲು ಅವರು ಹಿಂಜರಿಯಲಿಲ್ಲ. ಅದಕ್ಕೇ ಆ ಪ್ರಶ್ನೆ ನನ್ನದಾಗಿ ಉಳಿಯಿತು. ಮಕ್ಕಳೇ, ನಿಮಗೆ ಉತ್ತರ ಸಿಕ್ಕಿದರೆ ನನ್ನ ಹಾಗೆ ಇಪ್ಪತ್ತು ವರ್ಷ ತಡಮಾಡಬೇಡಿ. ಕಾಯುವವರು ಇರುವಾಗಲೇ ಬಂದು ಹೇಳಿ.