ಎಳೆಯ ಕೈಗಳ ದುಡಿಮೆ



ಮಕ್ಕಳು ಶಾಲೆ ಬಿಡುವುದಕ್ಕೆ ತಂದೆತಾಯಿಗಳ ಅಜ್ಞಾನವೇ ಕಾರಣವೆಂದು ಹೇಳುವುದು ರೂಢಿಯಾಗಿದೆ. ಬಡವರ ಮೇಲೆ ಅಷ್ಟು ಸುಲಭವಾಗಿ ದೋಷ ಹೊರಿಸಲು ನಮ್ಮ ಮನಸ್ಸು ಒಪ್ಪುವುದಿಲ್ಲ. ನಮ್ಮ ಸೀಮೆಯ ಹತ್ತಿ ಬೀಜೋತ್ಪಾದನೆಯ ಹೊಲವನ್ನೇ ನೋಡಿರಿ.

1972ರಲ್ಲಿ ಧಾರವಾಡದಿಂದ ವರಲಕ್ಷ್ಮಿ ಎಂಬ ಸಂಕರಣ ಹತ್ತಿ ಬಂದಿತು. ರೈತನ ಕೈಯಲ್ಲಿ ನಾಲ್ಕು ಕಾಸು ಓಡಾಡಿತು; ಅದು ಸಂತೋಷದ ಮಾತೇ. ಆದರೆ ಇಂಥ ಬೀಜ ತಾನಾಗಿ ಆಗುವುದಿಲ್ಲ. ನಾಳೆ ಅರಳುವ ಮೊಗ್ಗನ್ನು ಇಂದೇ ಬಿಡಿಸಿ ಕೇಸರ ತೆಗೆಯಬೇಕು. ಬೆಳಗಾದ ಮೇಲೆ ಗಂಡು ಹೂವನ್ನು ತಂದು ಅದಕ್ಕೆ ಮುಟ್ಟಿಸಬೇಕು. ಒಂದೊಂದು ಹೂವಿಗೂ ಹೀಗೆಯೇ, ತಿಂಗಳುಗಟ್ಟಲೆ. ಶಾಲೆಯಲ್ಲಿ ಪಾಠಗಳು ಭರದಿಂದ ನಡೆಯುವ ಕಾಲವೂ ಅದೇ. ಹೆಣ್ಣುಮಕ್ಕಳ ಬೆರಳು ಮೃದು, ಅವರಿಗೇ ಈ ಕೆಲಸ ಒಗ್ಗುತ್ತದೆಂದು ಹೇಳುತ್ತಾರೆ. ಬೆರಳು ಬರಿಯ ನೆಪ. ದೊಡ್ಡವರಿಗೂ ಈ ಕೆಲಸ ಬರುತ್ತದೆ. ಅವರಿಗೆ ಕೂಲಿ ಹೆಚ್ಚು ಕೊಡಬೇಕಾಗುತ್ತದೆ, ಅಷ್ಟೆ.

ಬೇಸಿಗೆಯಲ್ಲಿ ಬಡವನಿಗೆ ಕೆಲಸವಿಲ್ಲ. ಮನೆಯಲ್ಲಿ ಕಾಯಿಲೆಯೋ ಮದುವೆಯೋ ಬರುತ್ತದೆ. ಆಗ ಮುಂಗಡ ಕೊಡುವವರು ಬಾಗಿಲಿಗೇ ಬರುತ್ತಾರೆ. ಆ ಹಣ ತೀರುವತನಕ ಮಗಳ ಬೆಳಗೂ ಅವರದು, ಸಂಜೆಯೂ ಅವರದು. ಜೀತವನ್ನು 1976ರ ಕಾನೂನು ರದ್ದುಮಾಡಿತು. ಅದರ ನೆರಳು ಈ ಮುಂಗಡದಲ್ಲಿ ಉಳಿದಿದೆ. ಹೂವಿನ ಕಾಲ ಮುಗಿದು ಹುಡುಗಿ ಶಾಲೆಗೆ ಮರಳಿದರೆ, ಜೊತೆಯವರು ಭಾಗಾಕಾರ ಕಲಿತು ಮುಂದೆ ಹೋಗಿರುತ್ತಾರೆ. ನಾಲ್ಕು ದಿನ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂಡುತ್ತಾಳೆ. ಐದನೆಯ ದಿನ ಬರುವುದಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರು ಮಾತ್ರ ಇರುತ್ತದೆ.

ಸರಕಾರ ಕೈಕಟ್ಟಿ ಕೂತಿಲ್ಲ. 2002ರಲ್ಲಿ ನಮ್ಮ ಉತ್ತರದ ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಆರಂಭವಾಯಿತು. ಆ ಊಟ ಮಗುವಿನ ಹಸಿವನ್ನು ತೀರಿಸುತ್ತದೆ, ತಂದೆಯ ಸಾಲವನ್ನು ತೀರಿಸುವುದಿಲ್ಲ. ಹದಿನಾಲ್ಕರೊಳಗಿನ ಮಕ್ಕಳನ್ನು ಯಾವ ಕೂಲಿಗೂ ಹಚ್ಚಬಾರದೆಂದು 2016ರಲ್ಲಿ ಕಾನೂನು ತಿದ್ದಲಾಯಿತು. ಶಾಲೆಯ ಹೊತ್ತು ಮುಗಿದ ಮೇಲೆ ಮನೆಯವರ ಕೆಲಸಕ್ಕೆ ನೆರವಾಗಲು ಅವಕಾಶವಿಟ್ಟರು. ಈ ಸಂದಿಯಲ್ಲಿ ಊರ ಮಕ್ಕಳೆಲ್ಲ ಕೆಲವು ಹೊಲದವರಿಗೆ ಅಣ್ಣನ ಮಗಳು, ತಂಗಿಯ ಮಗಳು ಆಗಿಬಿಡುತ್ತಾರೆ!

"ಬುದ್ಧೀ, ಶರಣರೇ ಕಾಯಕ ಮಾಡಿರೆಂದು ಹೇಳಿಲ್ಲವೇ? ಮಕ್ಕಳೂ ದುಡಿಮೆ ಕಲಿಯಲಿ" ಎಂದು ನಮ್ಮ ಮುಂದೆಯೇ ವಾದಿಸುವವರುಂಟು. ಕಾಯಕವೆಂದರೆ ಅರಿತು, ಒಪ್ಪಿ ಮಾಡುವ ದುಡಿಮೆ. ಅಪ್ಪನ ಸಾಲಕ್ಕೆ ಕೂಸನ್ನು ಹಚ್ಚುವುದು ಕಾಯಕವಾದೀತೆ? ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ತಾಯಿ ಅದನ್ನು ಮರಳಿ ಸುರಿದು ಬರಲು ಕಳಿಸಿದರು. ಮಗುವಿನ ಕೂಲಿಯಲ್ಲಿ ಉಳಿಸಿದ ಹಣವನ್ನು ಕಂಡಿದ್ದರೆ ಆ ತಾಯಿ ಏನು ಹೇಳುತ್ತಿದ್ದರೋ!

ಈ ಸಭೆಯಲ್ಲಿ ಬೀಜದ ಹೊಲ ಮಾಡುವ ಭಕ್ತರು ಅನೇಕರಿದ್ದೀರಿ. ಮೊದಲು ಮಠದ ಕಡೆಯಿಂದಲೇ ಹೇಳುತ್ತೇವೆ. ಶ್ರೀಮಠದ ಭೂಮಿಯನ್ನು ಲಾವಣಿಗೆ ಮಾಡುವವರು ಈ ಹಂಗಾಮಿನಿಂದ ದೊಡ್ಡವರನ್ನೇ ಕೆಲಸಕ್ಕೆ ಕರೆಯಬೇಕು, ಪೂರ್ತಿ ಕೂಲಿ ಕೊಡಬೇಕು. ಅದರಿಂದ ಲಾವಣಿಯ ಹಣ ಕಡಿಮೆಯಾದರೆ ಮಠ ಅಷ್ಟನ್ನೇ ಸ್ವೀಕರಿಸುತ್ತದೆ. ಉಳಿದವರು ಮುಂಗಡ ಹಂಚಲು ಹೊರಡುವ ಮೊದಲು ಒಂದು ದಿನ ಬಂದು ನಮ್ಮನ್ನು ಕಾಣಿರಿ.