ವಾಂತಿ ಏಕೆ ಬರುತ್ತದೆ?
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತರು ಕಾವ್ಯವನ್ನೋ ವ್ಯಾಕರಣವನ್ನೋ ಕುರಿತು ಮಾತನಾಡುವರೆಂದು ಬಂದವರಿಗೆ ನಮ್ಮ ಇಂದಿನ ವಿಷಯವು ಸಭೆಗೆ ಒಪ್ಪುವಂಥದಲ್ಲವೆಂದು ತೋರಬಹುದು. ಆದರೂ ಇದನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು.

ಕೆಲವು ವರ್ಷಗಳ ಹಿಂದೆ ಮಕ್ಕಳನ್ನು ಕರೆದುಕೊಂಡು ತಾಳವಾಡಿಯಿಂದ ಸತ್ಯಮಂಗಲಕ್ಕೆ ಹೊರಟಿದ್ದೆವು. ದಿಂಬಂ ಘಟ್ಟದ 27 ತಿರುವುಗಳನ್ನು ಅರಿಯದವರು ಇಲ್ಲಿ ಯಾರಿದ್ದಾರೆ? ಬಣ್ಣಾರಿ ಇನ್ನೂ ದೂರವಿರುವಾಗಲೇ ಒಬ್ಬ ಹುಡುಗಿ ವಾಂತಿ ಮಾಡಿಕೊಂಡಳು. ಜೊತೆಯ ಮಕ್ಕಳು ನಕ್ಕರು. ನಾವೋ, "ಬೆಳಿಗ್ಗೆ ಅಷ್ಟೊಂದು ತಿನ್ನಬೇಡವೆಂದರೆ ಕೇಳಿದೆಯಾ?" ಎಂದು ಗದರಿದೆವು. ಮರುವರ್ಷ ಆಕೆ ಹಿಂದಿನ ರಾತ್ರಿಯಿಂದಲೇ ಉಪವಾಸವಿದ್ದು, ಒಂದು ಗುಟುಕು ನೀರನ್ನೂ ಕುಡಿಯದೆ ಬಸ್ಸು ಹತ್ತಿದಳು. ಘಟ್ಟ ಇಳಿಯುವಷ್ಟರಲ್ಲಿ ಹಳದಿ ನೀರನ್ನು ಕಕ್ಕಿ, ಕಣ್ಣು ಕತ್ತಲಿಟ್ಟು ಕುಸಿದಳು. ತಪ್ಪು ಆಕೆಯದಲ್ಲ, ತಿಳಿಯದೆ ಗದರಿದ ನಮ್ಮದು.

ಮಕ್ಕಳೇ, ನಮ್ಮ ಕಿವಿಯ ಒಳಗೆ ದ್ರವ ತುಂಬಿದ ಮೂರು ಬಾಗಿದ ನಾಳಗಳಿವೆ. ತಲೆ ಎತ್ತ ತಿರುಗಿತೆಂಬುದನ್ನು ಅವು ಮಿದುಳಿಗೆ ತಿಳಿಸುತ್ತವೆ. ಬಸ್ಸು ತಿರುವಿನಲ್ಲಿ ಹೊರಳುವಾಗ ಕಿವಿಯು "ತಿರುಗುತ್ತಿದ್ದೇವೆ" ಎನ್ನುತ್ತದೆ. ಮುಂದಿನ ಸೀಟನ್ನೋ ಪುಸ್ತಕವನ್ನೋ ನೋಡುತ್ತಿರುವ ಕಣ್ಣು "ಎಲ್ಲವೂ ಸ್ಥಿರವಾಗಿದೆ" ಎನ್ನುತ್ತದೆ. ಈ ಇಬ್ಬರು ಸಾಕ್ಷಿಗಳ ಜಗಳದಿಂದಲೇ ವಾಕರಿಕೆ. ಮುಂದಿನ ತಿರುವನ್ನು ಮೊದಲೇ ಅರಿತಿರುವ ಡ್ರೈವರಿಗೆ ಈ ಸಂಕಟ ಅಪರೂಪ. ಆದುದರಿಂದ ಮುಂಭಾಗದಲ್ಲಿ ಕುಳಿತು ದೂರದ ಬೆಟ್ಟವನ್ನು ನೋಡಬೇಕು. ಹೊಟ್ಟೆ ಬಿರಿಯ ತಿನ್ನಲೂ ಬಾರದು, ಬರಿಹೊಟ್ಟೆಯಲ್ಲಿ ಹೊರಡಲೂ ಬಾರದು. ಆ ಹುಡುಗಿ ಈಗ ಎರಡು ಇಡ್ಲಿ ತಿಂದು ನೆಮ್ಮದಿಯಿಂದ ಘಟ್ಟ ಇಳಿಯುತ್ತಾಳೆ.

ಹಳಸಿದ ಅನ್ನವನ್ನೋ ರೋಗಾಣು ಸೇರಿದ ನೀರನ್ನೋ ಸೇವಿಸಿದಾಗ ಬರುವ ವಾಂತಿಯ ಕಾರಣ ಬೇರೆ. ಆಗ ಶರೀರವು ಕೆಡುಕನ್ನು ಹೊರದೂಡಲು ಯತ್ನಿಸುತ್ತದೆ. ಅಪ್ಪಣೆ ಕೊಡುವುದು ಹೊಟ್ಟೆಯಲ್ಲ, ಮಿದುಳಿನ ಬುಡ. ಮೊದಲು ಬಾಯಲ್ಲಿ ನೀರೂರುತ್ತದೆ; ಜಠರದ ಆಮ್ಲದಿಂದ ಹಲ್ಲನ್ನು ಕಾಪಾಡಲು ಅದು ನೆರವಾಗುತ್ತದೆ. ಬಳಿಕ ಉಸಿರ್ನಾಳದ ಬಾಗಿಲು ಮುಚ್ಚುತ್ತದೆ. ವಪೆಯೂ ಹೊಟ್ಟೆಯ ಸ್ನಾಯುಗಳೂ ಸೇರಿ ಒತ್ತುತ್ತವೆ. ಎಂತಹ ಏರ್ಪಾಡು! ಕುದುರೆಗೂ ಇಲಿಗೂ ಈ ಶಕ್ತಿಯಿಲ್ಲ. "ಹಸು ಮಾಡುವುದೂ ಇದೇ ಅಲ್ಲವೇ ಮೇಷ್ಟ್ರೇ?" ಎಂದು ತರಗತಿಯಲ್ಲಿ ಒಬ್ಬ ಕೇಳಿದ. ಅಲ್ಲವಪ್ಪ, ಮೆಲುಕು ಹಾಕುವುದು ಅದರ ಊಟದ ಕ್ರಮ.

ಇನ್ನು ತಾಯಂದಿರಿಗೆ ಒಂದು ಅರಿಕೆ. "ನೀರು ಕೊಟ್ಟರೆ ಮತ್ತೆ ಕಕ್ಕುತ್ತದೆ" ಎಂದು ಮಗುವನ್ನು ಒಣಗಿಸುವ ಪದ್ಧತಿ ನಮ್ಮ ಮನೆಗಳಲ್ಲಿ ಇನ್ನೂ ಇದೆ. ವಾಂತಿಯೊಡನೆ ನೀರೂ ಲವಣವೂ ಹೋಗುತ್ತವೆ. ಪ್ರಾಣಕ್ಕೆ ಎರವಾಗುವುದು ಬಹುಮಟ್ಟಿಗೆ ಆ ನಷ್ಟವೇ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿದಾಗ ಡಾ. ದಿಲೀಪ್ ಮಹಲನಾಬಿಸ್ ಅವರು ಉಪ್ಪು, ಸಕ್ಕರೆಯ ದ್ರಾವಣವನ್ನು ಮನೆಯವರ ಕೈಯಿಂದಲೇ ಕುಡಿಸಿ ಅಸಂಖ್ಯ ಜೀವಗಳನ್ನು ಉಳಿಸಿದರು. ಇಂದು ಅದೇ ಬಗೆಯ ಓಆರ್‌ಎಸ್ ಪುಡಿ ಪೊಟ್ಟಣದಲ್ಲಿ ದೊರೆಯುತ್ತದೆ. ಪೊಟ್ಟಣದ ಮೇಲೆ ಹೇಳಿದಷ್ಟೇ ಶುದ್ಧ ನೀರಿನಲ್ಲಿ ಕದಡಿ, ವಾಂತಿಯಾದ ಮೇಲೆ ಹತ್ತು ನಿಮಿಷ ತಡೆದು, ಚಮಚ ಚಮಚವಾಗಿ ಕುಡಿಸಿರಿ. ಸೀಮೆಎಣ್ಣೆ ಕುಡಿದ ಮಗುವಿಗೆ ಮಾತ್ರ ಉಪ್ಪುನೀರು ಹಾಕಿ ಕಕ್ಕಿಸಲೇಬೇಡಿ. ಅದು ಶ್ವಾಸಕೋಶಕ್ಕೆ ಇಳಿದರೆ ಅಪಾಯ. ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ವಾಂತಿಯಲ್ಲಿ ರಕ್ತವೋ ಹಸಿರು ಬಣ್ಣವೋ ಕಂಡರೂ, ತಲೆಗೆ ಪೆಟ್ಟು ಬಿದ್ದ ಮೇಲೆ ವಾಂತಿಯಾದರೂ, ಮಗು ಮಂಕಾಗಿ ಮೂತ್ರವೇ ಹೋಗದಿದ್ದರೂ ಹಾಗೆಯೇ.

ಮಕ್ಕಳೇ, ಘಟ್ಟದ ಕೆಳಗಿನ ವೈದ್ಯರು ತಮಿಳಿನಲ್ಲಿ ಕೇಳುವರೆಂದು ಅಂಜಿ ಬಾಯಿ ಮುಚ್ಚಿ ಕೂರಬೇಡಿ. ವಾಂತಿ ಎಂದರೆ ಅವರಿಗೂ ವಾಂತಿಯೇ. ಕಕ್ಕು ಎಂಬುದೂ ಎರಡು ನುಡಿಗಳಿಗೂ ಸಲ್ಲುವ ಮಾತು. ಎಷ್ಟು ಸಲವಾಯಿತು, ಬಣ್ಣವೇನು, ಕೊನೆಗೆ ಮೂತ್ರ ಹೋದದ್ದು ಯಾವಾಗ, ಇಷ್ಟನ್ನು ನಾಚದೆ ಹೇಳಿರಿ.