ಕಬ್ಬಿನ ರಸವೂ ಆದಿತ್ಯನೂ

ಸಾಫ್ಟ್‌ವೇರ್ ನನ್ನ ಹೊಟ್ಟೆಪಾಡು. ಇಂದು ಹೇಳುವುದು ನನ್ನ ಓದಿನ ಹುಚ್ಚಿನ ಮಾತು.

ಹಳಿಯಾಳದ ಕಬ್ಬು ಬೆಳೆಗಾರರಿಗೆ ‘ರಿಕವರಿ’ ಗೊತ್ತು. ದರ ನಿಲ್ಲುವುದೇ ಅದರ ಮೇಲೆ. ನಮ್ಮಪ್ಪ ಆ ಅಂಕಿಯನ್ನು ಎಂದೂ ನಂಬಲಿಲ್ಲ. ಕಾರ್ಖಾನೆಯ ಲ್ಯಾಬಿನಲ್ಲಿ, ಒಂದೇ ದಿಕ್ಕಿಗೆ ಕಂಪಿಸುವ ಬೆಳಕನ್ನು ರಸದೊಳಗೆ ಹಾಯಿಸುತ್ತಾರೆ. ಸಕ್ಕರೆ ಹೆಚ್ಚಿದ್ದಷ್ಟೂ ಆ ದಿಕ್ಕು ಹೆಚ್ಚು ತಿರುಗುತ್ತದೆ.

ಕಾಂತಕ್ಷೇತ್ರವೂ ಗಾಜಿನೊಳಗೆ ಬೆಳಕನ್ನು ತಿರುಗಿಸುತ್ತದೆಂದು 1845ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡರು. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲಿ 1989ರಲ್ಲಿ ಶುರುವಾದ ‘ಆದಿತ್ಯ’ದಂಥ ಟೋಕಮಾಕ್ ಯಂತ್ರಗಳು ಕಾದ ಪ್ಲಾಸ್ಮಾವನ್ನು ಕಾಂತಕ್ಷೇತ್ರದಿಂದಲೇ ಹಿಡಿದಿಡುತ್ತವೆ. ಫ್ರಾನ್ಸಿನ ಐಟರ್‌ನಲ್ಲಿ ಗುರಿ 15 ಕೋಟಿ ಡಿಗ್ರಿ. ಅದರ ನಡುವಿಗೆ ಯಾವ ಸಲಾಕೆ ಅದ್ದಿದರೂ ಉಳಿಯದು! ಅದಕ್ಕೇ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಲೇಸರ್ ಹಾಯಿಸಿ, ತಿರುಗಿದ ಕೋನ ಅಳೆಯುವುದು. ಕೋನದಲ್ಲಿ ಎಲೆಕ್ಟ್ರಾನುಗಳ ಸಾಂದ್ರತೆಯೂ ಬೆರೆತಿರುತ್ತದೆ. ಅದನ್ನು ಬೇರೆಯಾಗಿ ಅಳೆದರಷ್ಟೇ ಕ್ಷೇತ್ರದ ಲೆಕ್ಕ ಸಿಗುತ್ತದೆ.

ಇದನ್ನೆಲ್ಲ ಕೇಳಿದ ಅಪ್ಪ, “ಅಲ್ಲಿ ತೂಕದ ಹತ್ರ ನಮ್ಮವರು ಯಾರ್ ನಿಂತಿರ್ತಾರೋ?” ಅಂದರು. “ಹಲವು ಕಿರಣ ಹಾಯಿಸಿ, ಒಂದಕ್ಕೊಂದು ತಾಳೆ ನೋಡ್ತಾರಪ್ಪಾ” ಅಂದೆ.

“ಹಂಗಾದ್ರ ನಮ್ಮ ರಸಾನೂ ಎರಡು ಕಡೆ ನೋಡ್ಲಿ.”